ಸತ್ಯವೇದದ ಅಧ್ಯಯನಕ್ಕೆ ಯಾವ ಪುಸ್ತಕ ಮೊದಲು? ಬೀದರ್, ಕಲಬುರಗಿ, ಯಾದಗಿರಿಯ ಓದುಗರಿಗೊಂದು ಹೋಲಿಕೆ

ಭಾನುವಾರದ ಪ್ರಸಂಗ ಸಿದ್ಧಪಡಿಸುವ ಲೋಕಲ್ ಪ್ರೀಚರ್, ಸಂಡೇ ಸ್ಕೂಲಿನ ಶಿಕ್ಷಕಿ, ಹಳ್ಳಿಯ ಪ್ರಾರ್ಥನಾ ಕೂಟ ನಡೆಸುವ ಹಿರಿಯರು, ಧರ್ಮಕೇಂದ್ರದ ಉಪದೇಶಿ, ಇವರೆಲ್ಲರಿಗೂ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆ ಎದುರಾಗುತ್ತದೆ: ಕೈಯಲ್ಲಿರುವ ಸತ್ಯವೇದದ ಜೊತೆಗೆ ಇನ್ನೊಂದು ಪುಸ್ತಕ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಹೆಚ್ಚಿನವರು ವ್ಯಾಖ್ಯಾನ ಗ್ರಂಥವೊಂದನ್ನು ಆರಿಸಿಕೊಳ್ಳುತ್ತಾರೆ. ಎಲ್ಲ ವಚನಗಳಿಗೂ ವಿವರಣೆ ಒಂದೇ ಕಡೆ ಸಿಗುತ್ತದೆ, ಒಮ್ಮೆ ಕೊಂಡರೆ ಜೀವಮಾನಕ್ಕೆ ಸಾಕು ಎಂಬ ಭರವಸೆ ಅದರ ಹಿಂದಿರುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ವ್ಯಾಖ್ಯಾನವನ್ನು ಕೊನೆಗೆ ಕೊಳ್ಳಬೇಕು. ಅದಕ್ಕೂ ಮೊದಲು ಇನ್ನೊಂದು ಕನ್ನಡ ಅನುವಾದ, ವಚನಗಳನ್ನು ಹುಡುಕಿಕೊಡುವ ಒಂದು ಸಾಧನ, ಒಂದು ಬೈಬಲ್ ನಿಘಂಟು ಮತ್ತು ಒಳ್ಳೆಯ ನಕ್ಷೆಗಳು ನಮ್ಮ ಕೈಗೆ ಬರಬೇಕು. ಈ ಪುಸ್ತಕಗಳಲ್ಲಿ ಯಾವುದು ಏನನ್ನು ಕೊಡುತ್ತದೆ ಎಂಬುದು ಹೆಸರು ಕೇಳಿದರೆ ತಿಳಿಯುವುದಿಲ್ಲ. ಒಂದೇ ಭಾಗವನ್ನು ಎಲ್ಲದರಲ್ಲೂ ತೆರೆದು ನೋಡಿದರೆ ತಿಳಿಯುತ್ತದೆ.

ಒಂದೇ ಸಾಮ್ಯ, ನಾಲ್ಕು ಪುಸ್ತಕ

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ತೆಗೆದುಕೊಳ್ಳೋಣ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದವನನ್ನು ಒಬ್ಬ ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿಯೂ ದಾಟಿಹೋಗುತ್ತಾರೆ; ಯೆಹೂದ್ಯರು ದ್ವೇಷಿಸುತ್ತಿದ್ದ ಸಮಾರ್ಯದವನೊಬ್ಬನು ಅವನನ್ನು ಛತ್ರಕ್ಕೆ ಒಯ್ದು ಆರೈಕೆ ಮಾಡುತ್ತಾನೆ. ಪ್ರತಿ ಪದವೂ ಬರುವ ವಚನಗಳನ್ನು ಪಟ್ಟಿಮಾಡುವ ಪದಾನುಕ್ರಮಣಿಕೆಯಲ್ಲಿ, ಅಂದರೆ ನಮ್ಮವರು ಕಾನ್‌ಕಾರ್ಡನ್ಸ್ ಎಂದೇ ಕರೆಯುವ ಪುಸ್ತಕದಲ್ಲಿ, ‘ಸಮಾರ್ಯ’ ಎಂಬ ಪದವನ್ನು ಹುಡುಕಿದರೆ ಅದೇ ಲೂಕನ 9ನೆಯ ಅಧ್ಯಾಯಕ್ಕೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಸಮಾರ್ಯದವರ ಒಂದು ಹಳ್ಳಿ ಯೇಸುವನ್ನು ಸೇರಿಸಿಕೊಳ್ಳಲು ಒಪ್ಪುವುದಿಲ್ಲ. ಆಕಾಶದಿಂದ ಬೆಂಕಿ ಬಿದ್ದು ಆ ಊರು ನಾಶವಾಗಲೆಂದು ಹೇಳಬೇಕೋ ಎಂದು ಯಾಕೋಬ ಯೋಹಾನರು ಕೇಳುತ್ತಾರೆ. ಹಾಗೆ ಕೇಳಿದ ಶಿಷ್ಯರ ಗುರುವೇ ಮುಂದಿನ ಅಧ್ಯಾಯದಲ್ಲಿ ಸಮಾರ್ಯದವನೊಬ್ಬನನ್ನು ನೆರೆಯವನಿಗೆ ಮಾದರಿಯಾಗಿ ನಿಲ್ಲಿಸುತ್ತಾನೆ. ಇದನ್ನು ಕಾಣಲು ಯಾವ ಪಂಡಿತರ ನೆರವೂ ಬೇಕಾಗಿಲ್ಲ. ಅದೇ ಪಟ್ಟಿ ನಮ್ಮನ್ನು ಎರಡನೆಯ ಅರಸುಗಳ 17ಕ್ಕೂ ಯೋಹಾನ 4ಕ್ಕೂ ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳ ಬಳಿಗೂ ಅಪೊಸ್ತಲರ ಕೃತ್ಯಗಳ 8ಕ್ಕೂ ಕರೆದೊಯ್ಯುತ್ತದೆ.

ಬೈಬಲ್ ನಿಘಂಟು ಹೇಳುವುದು ಸತ್ಯವೇದದ ಹೊರಗಿನ ಸಂಗತಿಗಳನ್ನು. ಸಮಾರ್ಯದವರಿಗೆ ಗೆರಿಜ್ಜೀಮ್ ಬೆಟ್ಟದ ಮೇಲೆ ತಮ್ಮದೇ ದೇವಾಲಯವಿತ್ತು, ಅದನ್ನು ಯೆಹೂದ್ಯರ ಅಧಿಪತಿಯಾಗಿದ್ದ ಯೋಹಾನ ಹಿರ್ಕಾನನು ಕ್ರಿ.ಪೂ. 2ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಶಮಾಡಿದನು ಎಂಬುದು ಅಲ್ಲಿ ಸಿಗುತ್ತದೆ. ಪಸ್ಕ ಹಬ್ಬದ ವೇಳೆ ಕೆಲವು ಸಮಾರ್ಯದವರು ರಾತ್ರಿ ಯೆರೂಸಲೇಮಿನ ದೇವಾಲಯದೊಳಗೆ ನುಗ್ಗಿ ಮನುಷ್ಯರ ಎಲುಬುಗಳನ್ನು ಎಸೆದು ಅದನ್ನು ಅಶುದ್ಧಗೊಳಿಸಿದರೆಂದು ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ಅದು ನಡೆದದ್ದು ಯೇಸು ಇನ್ನೂ ಬಾಲಕನಾಗಿದ್ದ ವರ್ಷಗಳಲ್ಲಿ. ಕೇಳುಗರ ಮನಸ್ಸಿನಲ್ಲಿದ್ದ ದ್ವೇಷ ಎಷ್ಟು ಹಸಿಯಾಗಿತ್ತೆಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ.

ನಕ್ಷೆಯ ಪುಸ್ತಕದ ಕೊಡುಗೆ ಇನ್ನೊಂದು ಬಗೆಯದು. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಹೆಚ್ಚುಕಡಿಮೆ 27 ಕಿಲೋಮೀಟರ್ ದಾರಿಯಲ್ಲಿ ಒಂದು ಸಾವಿರ ಮೀಟರ್ ಇಳಿಯಬೇಕು, ಅದೂ ನೀರಿಲ್ಲದ ಕಡಿದಾದ ಕಣಿವೆಗಳ ನಡುವೆ. ಸಮತಟ್ಟಾದ ಕಪ್ಪು ಮಣ್ಣಿನ ಬಯಲಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಇಳಿಜಾರನ್ನು ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ. ಎತ್ತರವನ್ನು ಬಣ್ಣದಲ್ಲಿ ತೋರಿಸುವ ಒಂದು ನಕ್ಷೆಯಿದ್ದರೆ ಕಳ್ಳರು ಅಡಗಿ ಕೂರಲು ಆ ದಾರಿಯೇ ಏಕೆ ತಕ್ಕದ್ದಾಗಿತ್ತೆಂದು ಅವರೇ ಹೇಳುತ್ತಾರೆ.

ವ್ಯಾಖ್ಯಾನದ ಪಾಲಿಗೆ ಉಳಿಯುವುದು ಅರ್ಥದ ಪ್ರಶ್ನೆ. ಯಾಜಕನೂ ಲೇವಿಯನೂ ಏಕೆ ಓರೆಯಾಗಿ ಹೋದರು? ಹೆಣವನ್ನು ಮುಟ್ಟಿ ಅಶುದ್ಧರಾಗುವ ಭಯವೇ ಕಾರಣವೇ? ಸಂತ ಅಗಸ್ಟೀನರು ಸಮಾರ್ಯದವನನ್ನು ಕ್ರಿಸ್ತನೆಂದೂ ಛತ್ರವನ್ನು ಸಭೆಯೆಂದೂ ಓದಿದ್ದನ್ನು ನಾವು ಒಪ್ಪಬೇಕೇ? ಇಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಮೊದಲ ಮೂರು ಪುಸ್ತಕಗಳು ಬಹುಮಟ್ಟಿಗೆ ಸಂಗತಿಯನ್ನು ಕೊಟ್ಟು ತೀರ್ಮಾನವನ್ನು ನಮಗೆ ಬಿಡುತ್ತವೆ, ವ್ಯಾಖ್ಯಾನವು ತೀರ್ಮಾನವನ್ನೇ ಕೊಡುತ್ತದೆ. ಸಂಗತಿ ಗೊತ್ತಿಲ್ಲದವನಿಗೆ ಆ ತೀರ್ಮಾನ ಸರಿಯೋ ತಪ್ಪೋ ಎಂದು ತೂಗಿ ನೋಡುವ ದಾರಿಯಿರುವುದಿಲ್ಲ. ವ್ಯಾಖ್ಯಾನವನ್ನು ಕೊನೆಗೆ ಕೊಳ್ಳಬೇಕೆಂದು ನಾನು ಹೇಳುವುದಕ್ಕೆ ಇದೇ ಕಾರಣ.

ಎರಡನೆಯ ಅನುವಾದ

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ವೇಳೆಗೆ ಇಡೀ ಸತ್ಯವೇದವು ಕನ್ನಡದಲ್ಲಿ ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಹಲವು ಅನುವಾದಗಳೂ ಪರಿಷ್ಕರಣೆಗಳೂ ಆಗಿವೆ. ನಮ್ಮ ಭಾಗದ ಮೆಥಡಿಸ್ಟ್ ಸಭೆಗಳಲ್ಲಿ ಹಿರಿಯರು ಬಾಯಿಪಾಠ ಮಾಡಿಕೊಂಡಿರುವುದು ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದವು’, ಈಗ ಜೆ.ವಿ. ಎಂಬ ಗುರುತಿನಿಂದ ಅದು ಸಿಗುತ್ತದೆ. ಮೂಲದ ವಾಕ್ಯರಚನೆಗೆ ಹತ್ತಿರವಾಗಿ ನಡೆಯುವ ಅನುವಾದವಾದ್ದರಿಂದ ಅಧ್ಯಯನಕ್ಕೆ ಅದು ಒಳ್ಳೆಯ ತಳಹದಿ. ಬೈಬಲ್ ಸೊಸೈಟಿಯದೇ ಆದ ಸಿ.ಎಲ್., ಅಂದರೆ ಕಾಮನ್ ಲ್ಯಾಂಗ್ವೇಜ್ ಅನುವಾದವು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿದೆ. ಇಂಡಿಯನ್ ರಿವೈಸ್ಡ್ ವರ್ಷನ್ ಅಥವಾ ಐ.ಆರ್.ವಿ. ಎಂಬುದನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿರುವುದರಿಂದ ಅದನ್ನು ಪ್ರತಿಮಾಡಿ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ.

ಜೆ.ವಿ. ಒಂದನ್ನೇ ಇಟ್ಟುಕೊಂಡಿರುವವರು ಸಿ.ಎಲ್. ಒಂದನ್ನು ಸೇರಿಸಿಕೊಳ್ಳಲಿ, ಸಿ.ಎಲ್. ಮಾತ್ರ ಇರುವವರು ಜೆ.ವಿ.ಯನ್ನು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದುವಾಗ ಎರಡೂ ಒಂದೇ ರೀತಿ ಹೇಳಿದ ಕಡೆ ಮುಂದೆ ಸಾಗಬಹುದು, ಎರಡೂ ಬೇರೆಯಾದ ಕಡೆ ನಿಂತು ನಿಘಂಟನ್ನು ತೆರೆಯಬೇಕು. ನೂರಾರು ಪುಟಗಳ ವ್ಯಾಖ್ಯಾನದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಇಷ್ಟು ಅಗ್ಗವಾಗಿ ಕಲಿಸುವ ಬೇರೆ ಉಪಾಯ ನನಗೆ ಕಂಡಿಲ್ಲ.

ಕಥೋಲಿಕ ಓದುಗರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ 2005ರಲ್ಲಿ ಸ್ಥಾಪಿತವಾದ ಕಲಬುರಗಿ ಧರ್ಮಕ್ಷೇತ್ರಕ್ಕೆ ಸೇರಿವೆ, ಮತ್ತು ಅಲ್ಲಿ ಓದುವ ಶ್ರೀಗ್ರಂಥದಲ್ಲಿ 73 ಪುಸ್ತಕಗಳಿವೆ. ಪ್ರೊಟೆಸ್ಟಂಟ್ ಪ್ರಕಾಶಕರ ನಿಘಂಟು, ವ್ಯಾಖ್ಯಾನಗಳು ಸಾಮಾನ್ಯವಾಗಿ 66 ಪುಸ್ತಕಗಳನ್ನಷ್ಟೇ ಆಧರಿಸಿರುತ್ತವೆ. ತೋಬಿತ, ಜೂದಿತ, ಮಕ್ಕಬಿಯರ ಗ್ರಂಥಗಳಿಗೆ ಅವುಗಳಲ್ಲಿ ವಚನವಾರು ವಿವರಣೆ ಸಿಗುವುದಿಲ್ಲ. ಹಳೆಯ ಲ್ಯಾಟಿನ್ ಕ್ರಮವನ್ನು ಅನುಸರಿಸಿದ ಪುಸ್ತಕಗಳಲ್ಲಿ ಕೀರ್ತನೆಗಳ ಸಂಖ್ಯೆಯೂ ಬಹುಭಾಗದಲ್ಲಿ ಒಂದು ಹಿಂದಿರುತ್ತದೆ. ನಮಗೆ 23 ಆಗಿರುವುದು ಅವುಗಳಲ್ಲಿ 22. ಇದು ಗೊತ್ತಿಲ್ಲದೆ ಹುಡುಕಿದರೆ ಪುಸ್ತಕದಲ್ಲೇ ತಪ್ಪಿದೆಯೆಂದು ಅನಿಸುತ್ತದೆ.

ಪದಾನುಕ್ರಮಣಿಕೆ: ಪುಸ್ತಕವೋ ಮೊಬೈಲೋ

ಪದಾನುಕ್ರಮಣಿಕೆಯು ಯಾವಾಗಲೂ ಒಂದು ನಿರ್ದಿಷ್ಟ ಅನುವಾದಕ್ಕೆ ಕಟ್ಟಿದ್ದು. ಜೆ.ವಿ.ಗೆ ಮಾಡಿದ ಪಟ್ಟಿಯಿಂದ ಸಿ.ಎಲ್.ನಲ್ಲಿ ಹುಡುಕಲು ಹೋದರೆ ಅರ್ಧಕ್ಕೆ ಅರ್ಧ ಪದಗಳು ಸಿಗದೆ ಹೋಗಬಹುದು. ಆದ್ದರಿಂದ ಕೊಳ್ಳುವ ಮುನ್ನ ಮುನ್ನುಡಿಯಲ್ಲಿ ಅದು ಯಾವ ಅನುವಾದದ್ದೆಂದು ನೋಡಿಕೊಳ್ಳಲೇಬೇಕು.

ಬರೀ ವಚನ ಹುಡುಕುವ ಕೆಲಸಕ್ಕಾದರೆ ಇಂದು ಮುದ್ರಿತ ಪುಸ್ತಕಕ್ಕಿಂತ ಮೊಬೈಲ್ ಆ್ಯಪ್ ಮೇಲು. ಇದಕ್ಕಾಗಿ ದಪ್ಪ ಪುಸ್ತಕ ಕೊಳ್ಳಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಹುಡುಕುವುದಕ್ಕೆ ಒಂದು ಕ್ರಮವಿದೆ. ‘ಕೊಡು’ ಎಂದು ಬರೆದು ಹುಡುಕಿದರೆ ‘ಕೊಟ್ಟನು’ ಬರುವುದಿಲ್ಲ. ‘ದೇವರು’ ಎಂದು ಹುಡುಕಿದರೆ ‘ದೇವರನ್ನು’, ‘ದೇವರಿಗೆ’ ಬಿಟ್ಟುಹೋಗುತ್ತವೆ. ‘ದೇವರ’ ಎಂದು ಹುಡುಕಿದರೆ ‘ದೇವರನ್ನು’ ಸಿಕ್ಕೀತು, ‘ದೇವರಿಗೆ’ ಸಿಗುವುದೋ ಇಲ್ಲವೋ ಎಂಬುದು ಆ್ಯಪಿನ ಮೇಲೆ ಹೋಗುತ್ತದೆ. ವಿಭಕ್ತಿ ಪ್ರತ್ಯಯವನ್ನು ತೆಗೆದು, ಪದದ ಬದಲಾಗದ ಭಾಗವನ್ನಷ್ಟೇ ಬರೆದು, ಕ್ರಿಯಾಪದವಾದರೆ ಎರಡು ಮೂರು ರೂಪಗಳಲ್ಲಿ ಬೇರೆಬೇರೆಯಾಗಿ ಹುಡುಕಬೇಕು. ಇಷ್ಟನ್ನು ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ದೊಡ್ಡವರಿಗೆ ಹುಡುಕಿಕೊಡುತ್ತಾರೆ.

ಮೂಲಭಾಷೆಯ ಪದಗಳನ್ನು ತಲುಪಬೇಕೆಂದರೆ ಸ್ಟ್ರಾಂಗ್ಸ್ ಕಾನ್‌ಕಾರ್ಡನ್ಸ್ ಇದೆ. ಅಮೆರಿಕದ ಡ್ರೂ ಸೆಮಿನರಿಯಲ್ಲಿ ಅಧ್ಯಾಪಕರಾಗಿದ್ದ, ಮೆಥಡಿಸ್ಟ್ ಸಭೆಯ ಜೇಮ್ಸ್ ಸ್ಟ್ರಾಂಗ್ ಅದನ್ನು 1890ರಲ್ಲಿ ಪ್ರಕಟಿಸಿದರು. ಹೀಬ್ರೂ ಪದಗಳಿಗೆ 8674ರವರೆಗೆ, ಗ್ರೀಕ್ ಪದಗಳಿಗೆ 5624ರವರೆಗೆ ಅವರು ಕೊಟ್ಟ ಸಂಖ್ಯೆಗಳನ್ನೇ ಇಂದಿಗೂ ಅನೇಕ ಪುಸ್ತಕಗಳೂ ಆ್ಯಪ್‌ಗಳೂ ಬಳಸುತ್ತವೆ. ಅದು ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದಕ್ಕೆ ಕಟ್ಟಿದ್ದಾದ್ದರಿಂದ ಕನ್ನಡದ ಓದುಗರು ಮೊದಲು ಆ ವಚನವನ್ನು ಇಂಗ್ಲಿಷಿನಲ್ಲಿ ತೆರೆದು, ಸಂಖ್ಯೆ ಹುಡುಕಿ, ಆಮೇಲೆ ಹಿಂದಿನ ಪುಟಗಳ ಪದಕೋಶಕ್ಕೆ ಹೋಗಬೇಕಾಗುತ್ತದೆ. ಕೇಂಬ್ರಿಜ್‌ನ ಟಿಂಡೇಲ್ ಹೌಸ್ ಉಚಿತವಾಗಿ ಕೊಡುವ ಸ್ಟೆಪ್ ಬೈಬಲ್‌ನಲ್ಲಿ ಪದದ ಮೇಲೆ ಒತ್ತಿದರೆ ಸಾಕು. ಎರಡರಲ್ಲೂ ಒಂದು ಎಚ್ಚರಿಕೆ ಬೇಕು: ಪದಕೋಶ ಪಟ್ಟಿ ಮಾಡುವುದು ಆ ಪದಕ್ಕೆ ಬೇರೆಬೇರೆ ಕಡೆ ಬರುವ ಅರ್ಥಗಳನ್ನು. ಅವುಗಳಲ್ಲಿ ನಮಗೆ ಹಿಡಿಸಿದ್ದನ್ನು ಆರಿಸಿ ಪ್ರಸಂಗಪೀಠದಿಂದ ‘ಮೂಲದಲ್ಲಿ ಹೀಗಿದೆ’ ಎಂದು ಹೇಳುವುದು ಸಲ್ಲದು. ಯಾವ ಅರ್ಥ ಎಲ್ಲಿ ಸಲ್ಲುತ್ತದೆಂಬುದನ್ನು ತೀರ್ಮಾನಿಸುವುದು ಆ ವಾಕ್ಯವೇ.

1896ರಲ್ಲಿ ಬಂದ ನೇವ್ಸ್ ಟಾಪಿಕಲ್ ಬೈಬಲ್‌ನಂಥ ವಿಷಯಸೂಚಿಗಳು ಪ್ರಾರ್ಥನೆ, ಉಪವಾಸ, ವಿಧವೆಯರು ಎಂದು ವಿಷಯವಾರು ವಚನಗಳನ್ನು ಒಟ್ಟುಗೂಡಿಸಿ ಕೊಡುತ್ತವೆ. ಕೂಟದ ಪಾಠ ಸಿದ್ಧಪಡಿಸಲು ಉಪಯುಕ್ತ. ಅಧ್ಯಾಯದ ಸಂದರ್ಭವನ್ನು ಮರೆಸುತ್ತವೆ ಎಂಬುದು ಅವುಗಳ ದೋಷ.

ನಿಘಂಟು

ನನ್ನ ಲೆಕ್ಕದಲ್ಲಿ ಹಣ ಹೆಚ್ಚು ಸಾರ್ಥಕವಾಗುವುದು ಇಲ್ಲೇ. ಹಳೆಯ ಸ್ಮಿತ್ ಮತ್ತು ಈಸ್ಟನ್ ನಿಘಂಟುಗಳು ಹಕ್ಕುಸ್ವಾಮ್ಯದ ಅವಧಿ ಮುಗಿದು ಉಚಿತವಾಗಿ ಸಿಗುತ್ತವೆ, ಹಾಗಾಗಿ ಆ್ಯಪ್‌ಗಳಲ್ಲೆಲ್ಲ ಅವೇ ತುಂಬಿವೆ. ಆದರೆ ಅವೆರಡೂ 19ನೆಯ ಶತಮಾನದವು. ಸಿರಿಯಾದ ಪ್ರಾಚೀನ ಉಗಾರಿತ್ ಪಟ್ಟಣದ ಉತ್ಖನನ ಆರಂಭವಾದದ್ದು 1929ರಲ್ಲಿ, ಯೆಹೂದ್ಯರ ಪ್ರಾಚೀನ ಹಸ್ತಪ್ರತಿಗಳಾದ ಮೃತಸಮುದ್ರದ ಸುರುಳಿಗಳು ಮೊದಲು ಸಿಕ್ಕಿದ್ದು 1947ರ ಸುಮಾರಿಗೆ. ಬಾಳ್ ದೇವತೆಯ ಆರಾಧನೆಯ ಬಗ್ಗೆ, ಯೇಸುವಿನ ಕಾಲದ ಯೆಹೂದಿ ಪಂಗಡಗಳ ಬಗ್ಗೆ, ಹಳೆ ಒಡಂಬಡಿಕೆಯ ಪ್ರಾಚೀನ ಹಸ್ತಪ್ರತಿಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಈ ಎರಡು ಶೋಧಗಳಿಂದ ಬಂದದ್ದು. ಹಳೆಯ ನಿಘಂಟುಗಳಲ್ಲಿ ಅದಾವುದೂ ಇರಲು ಸಾಧ್ಯವಿಲ್ಲ. ವ್ಯಕ್ತಿಗಳ ಹೆಸರು, ಊರುಗಳ ಪರಿಚಯದಂಥ ಸರಳ ವಿಷಯಗಳಿಗೆ ಈಸ್ಟನ್ ಸಾಕು. ಹೆಚ್ಚಿನದಕ್ಕೆ, ಇಂಗ್ಲಿಷ್ ಓದಬಲ್ಲವರು 1962ರಲ್ಲಿ ಮೊದಲು ಬಂದ ನ್ಯೂ ಬೈಬಲ್ ಡಿಕ್ಷನರಿಯ 1996ರ ಮೂರನೆಯ ಆವೃತ್ತಿಯನ್ನು ನೋಡಬೇಕು. ಹಳೆಯ ಪುಸ್ತಕದ ಅಂಗಡಿಯಲ್ಲಿ ಯಾವುದಾದರೂ ನಿಘಂಟು ಕೈಗೆ ಬಂದರೆ ಮೃತಸಮುದ್ರದ ಸುರುಳಿಗಳ ಮೇಲೆ ಲೇಖನವಿದೆಯೇ ಎಂದು ತೆರೆದು ನೋಡಿ. ಇಲ್ಲವಾದರೆ ಅದರ ವಯಸ್ಸು ತಿಳಿದಂತಾಯಿತು.

ಇಂಗ್ಲಿಷ್ ನಿಘಂಟನ್ನು ಕನ್ನಡ ಸತ್ಯವೇದದೊಡನೆ ಬಳಸುವಾಗ ಹೆಸರುಗಳು ತೊಡಕಾಗುತ್ತವೆ. ನಮಗೆ ಯಾಕೋಬ ಒಂದೇ; ಅಲ್ಲಿ ಪಿತೃವಾದ ಯಾಕೋಬನು ಜೇಕಬ್, ಅಪೊಸ್ತಲನಾದ ಯಾಕೋಬನು ಜೇಮ್ಸ್. ಹವ್ವಳನ್ನು ಈವ್ ಎಂಬಲ್ಲಿ ಹುಡುಕಬೇಕು. ಮೊದಲ ಪುಟದಲ್ಲೇ ಇಂಥ ಹೆಸರುಗಳ ಒಂದು ಪಟ್ಟಿ ಬರೆದಿಟ್ಟುಕೊಂಡರೆ ಮನೆಯಲ್ಲಿ ಬೇರೆಯವರಿಗೂ ಆ ಪುಸ್ತಕ ತೆರೆದುಕೊಳ್ಳುತ್ತದೆ.

ಜೆ.ವಿ.ಯ ಕೆಲವು ಹಳೆಯ ಕನ್ನಡ ಪದಗಳಿಗೆ ಬೈಬಲ್ ನಿಘಂಟು ಬೇಕಾಗಿಲ್ಲ, ಕನ್ನಡ ನಿಘಂಟು ಬೇಕು. ಬಾಸೆಲ್ ಮಿಷನ್ನಿನ ಕಿಟೆಲರು 1894ರಲ್ಲಿ ಹೊರತಂದ ನಿಘಂಟೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳೂ ದೊಡ್ಡ ಗ್ರಂಥಾಲಯಗಳಲ್ಲಿ ನೋಡಲು ಸಿಗುವಂಥವು.

ಅಧ್ಯಯನ ಬೈಬಲ್ ಮತ್ತು ವ್ಯಾಖ್ಯಾನ

ಪುಟದ ಮೇಲೆ ವಚನ, ಕೆಳಗೆ ಟಿಪ್ಪಣಿ ಇರುವ ಸ್ಟಡಿ ಬೈಬಲ್ ಒಂದೇ ಪುಸ್ತಕದಲ್ಲಿ ಎಲ್ಲವನ್ನೂ ಕೊಡುತ್ತದೆ. ಬಸ್ಸಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಪಾಸ್ಟರಿಗೆ ಈ ಅನುಕೂಲ ಸಣ್ಣದಲ್ಲ. ಆದರೆ ಟಿಪ್ಪಣಿ ಬರೆದವರ ಸಿದ್ಧಾಂತ ದೇವರ ವಾಕ್ಯದ ಪುಟದಲ್ಲೇ ಅಚ್ಚಾಗಿರುವುದರಿಂದ ಎರಡಕ್ಕೂ ಒಂದೇ ಅಧಿಕಾರವಿದೆಯೆಂಬ ಭಾವನೆ ನಿಧಾನವಾಗಿ ಬೆಳೆಯುತ್ತದೆ. 1909ರ ಸ್ಕೋಫೀಲ್ಡ್ ಬೈಬಲ್ ಅಂತ್ಯಕಾಲದ ಬಗೆಗಿನ ಒಂದು ನಿರ್ದಿಷ್ಟ ಬೋಧನೆಯನ್ನು ಇಂಗ್ಲಿಷ್ ಓದುವ ಲೋಕದಲ್ಲೆಲ್ಲ ಹರಡಿದ್ದು ಹೀಗೆಯೇ. ಕನ್ನಡದ ಸ್ಟಡಿ ಬೈಬಲ್ ಕೊಳ್ಳುವವರು ಟಿಪ್ಪಣಿಗಳು ಯಾವ ಪಂಗಡದವರದೆಂದು ಮುನ್ನುಡಿಯಲ್ಲಿ ಓದಿಕೊಳ್ಳಬೇಕು, ಇತರ ಭಾಷೆಯಿಂದ ಬಂದ ಟಿಪ್ಪಣಿಯಾದರೆ ಅನುವಾದದ ಕನ್ನಡ ಅರ್ಥವಾಗುವಂತಿದೆಯೇ ಎಂದು ನಾಲ್ಕು ಪುಟ ಓದಿ ನೋಡಬೇಕು.

ವ್ಯಾಖ್ಯಾನಗಳಲ್ಲಿ ನಮ್ಮ ಕಡೆ ಹೆಚ್ಚು ಹೆಸರು ಕೇಳುವುದು ಮ್ಯಾಥ್ಯೂ ಹೆನ್ರಿಯದು. 1714ರಲ್ಲಿ ತೀರಿಕೊಂಡ ಹೆನ್ರಿ ಅಪೊಸ್ತಲರ ಕೃತ್ಯಗಳವರೆಗೆ ಬರೆದಿದ್ದರು, ಉಳಿದದ್ದನ್ನು ಬೇರೆ ಬೋಧಕರು ಮುಗಿಸಿದರು. ಭಕ್ತಿಯ ಒಳನೋಟಕ್ಕೂ ಪ್ರಸಂಗವನ್ನು ಅಂಶಗಳಾಗಿ ವಿಂಗಡಿಸುವ ಜಾಣ್ಮೆಗೂ ಅದಕ್ಕೆ ಸಾಟಿ ಕಡಿಮೆ, ಇತಿಹಾಸಕ್ಕೆ ಮಾತ್ರ ಅದನ್ನು ನಂಬಿ ಕೂರಬಾರದು. ಗ್ಲಾಸ್ಗೋದ ವಿಲಿಯಂ ಬಾರ್ಕ್ಲೆಯವರ ಹೊಸ ಒಡಂಬಡಿಕೆಯ ಪುಸ್ತಕಮಾಲೆ ಗ್ರೀಕ್, ರೋಮನ್ ಬದುಕಿನ ವಿವರಗಳಿಂದ ತುಂಬಿದೆ, ಅದರ ಇಂಗ್ಲಿಷ್ ಸರಳವಾಗಿದೆ. ಅದ್ಭುತಕಾರ್ಯಗಳ ಬಗ್ಗೆ ಅವರು ಹೇಳುವುದನ್ನು ಅನೇಕರು ಒಪ್ಪುವುದಿಲ್ಲ. ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯವರೇ 1755ರಲ್ಲಿ ಪ್ರಕಟಿಸಿದ ಹೊಸ ಒಡಂಬಡಿಕೆಯ ಟಿಪ್ಪಣಿಗಳು ಚಿಕ್ಕವಾದರೂ ಮೆಥಡಿಸ್ಟ್ ಬೋಧನೆಯ ಆಧಾರಗಳಲ್ಲೊಂದಾಗಿವೆ. ಉಚಿತವಾಗಿ ಸಿಗುವ ಅದನ್ನು ಬೀದರಿನ ಮೆಥಡಿಸ್ಟ್ ಯುವಕರು ತೆರೆದು ನೋಡದಿರುವುದು ನನಗೆ ನೋವಿನ ಸಂಗತಿ. ಕಥೋಲಿಕರಿಗೆ 1990ರ ನ್ಯೂ ಜೆರೋಮ್ ಎಂಬ ವ್ಯಾಖ್ಯಾನ ಇದೆ, ಆದರೆ ಅದು ಸೆಮಿನರಿ ಮಟ್ಟದ ಪುಸ್ತಕ.

ಒಂದನ್ನೇ ಕೊಳ್ಳಬಲ್ಲ, ಇಂಗ್ಲಿಷ್ ಬಲ್ಲ ಓದುಗರಿಗೆ ನಾನು ಹೇಳುವುದು 2015ರಲ್ಲಿ ಬಂದ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ. ಇಡೀ ಸತ್ಯವೇದಕ್ಕೆ ಒಂದೇ ಸಂಪುಟ. ಬರೆದವರು ನಮ್ಮ ಉಪಖಂಡದವರೇ. ಜಾತಿ, ವಿಗ್ರಹಕ್ಕೆ ಅರ್ಪಿಸಿದ ಪ್ರಸಾದ, ಬಹುಧರ್ಮೀಯ ನೆರೆಹೊರೆ ಇಂಥ ಪ್ರಶ್ನೆಗಳನ್ನು ಅವರು ನಮ್ಮ ಬದುಕಿನೊಳಗಿನಿಂದಲೇ ಎತ್ತಿಕೊಳ್ಳುತ್ತಾರೆ. ಪಾಶ್ಚಾತ್ಯ ವ್ಯಾಖ್ಯಾನಗಳು ಕಣದಲ್ಲಿ ತೂರುವುದನ್ನೂ ಬೀಸುವ ಕಲ್ಲನ್ನೂ ಬರಗಾಲದಲ್ಲಿ ಊರು ಬಿಡುವುದನ್ನೂ ಪುಟಗಟ್ಟಲೆ ವಿವರಿಸುತ್ತವೆ, ಆಳಂದದ ರೈತನಿಗೆ ಅದರ ಅಗತ್ಯವೇ ಇಲ್ಲ. ರೂತಳು ಹಕ್ಕಲಾಯುವುದು ಅವನಿಗೆ ಗೊತ್ತು. ಊರಬಾಗಿಲಲ್ಲಿ ಹಿರಿಯರೆದುರು ಕೆರ ಬಿಚ್ಚಿ ಕೊಡುವುದೇಕೆಂಬುದಷ್ಟೇ ಅವನ ಪ್ರಶ್ನೆ.

ಯಾವ ವ್ಯಾಖ್ಯಾನವನ್ನೇ ಆಗಲಿ ಕೊಳ್ಳುವ ಮುನ್ನ ರೋಮಾಪುರದವರಿಗೆ 9ನೆಯ ಅಧ್ಯಾಯವನ್ನೂ ಪ್ರಕಟಣೆ 20ನ್ನೂ ತೆರೆದು ನೋಡಿ. ಅರ್ಥದ ಬಗ್ಗೆ ಸಭೆಗಳಲ್ಲಿ ಒಮ್ಮತವಿಲ್ಲದ ಜಾಗಗಳಿವು. ಬೇರೆಯವರ ಅಭಿಪ್ರಾಯವನ್ನು ಗೌರವದಿಂದ ಹೇಳಿ ಆಮೇಲೆ ತನ್ನದನ್ನು ಹೇಳುವ ಲೇಖಕನನ್ನು ನಂಬಬಹುದು, ಬೇರೆ ಅಭಿಪ್ರಾಯವೇ ಇಲ್ಲವೆಂಬಂತೆ ಬರೆದವನನ್ನು ಶೆಲ್ಫಿನಲ್ಲೇ ಬಿಡುವುದು ಲೇಸು.

ತೆಲುಗು, ಮರಾಠಿ, ಉರ್ದು

ನಮ್ಮ ಮೂರು ಜಿಲ್ಲೆಗಳವರಿಗೆ ಬೆಂಗಳೂರಿನವರಿಗಿಲ್ಲದ ಒಂದು ಬಲವಿದೆ. ಗುರುಮಠಕಲ್ ಕಡೆ ತೆಲುಗು, ಭಾಲ್ಕಿ, ಔರಾದ್ ಕಡೆ ಮರಾಠಿ, ಪೇಟೆಗಳಲ್ಲೆಲ್ಲ ಉರ್ದು ಗೊತ್ತಿರುವವರು ಮನೆಮನೆಯಲ್ಲಿದ್ದಾರೆ, ಬೀದರಿನಿಂದ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ತೆಲುಗು ಓದಲು ಬರುವವರು ಅಲ್ಲಿನ ಕ್ರೈಸ್ತ ಪುಸ್ತಕದ ಅಂಗಡಿಗಳಲ್ಲಿ ನಿಘಂಟು, ವ್ಯಾಖ್ಯಾನಗಳನ್ನು ನೋಡಿ ಬರುವುದು ಒಳ್ಳೆಯದು. ಕಷ್ಟಪಟ್ಟು ಇಂಗ್ಲಿಷ್ ಓದುವುದಕ್ಕಿಂತ ಚೆನ್ನಾಗಿ ಬರುವ ತೆಲುಗಿನಲ್ಲಿ ಓದಿದರೆ ವಿಷಯ ಮನಸ್ಸಿಗೆ ಇಳಿಯುತ್ತದೆ. ಪದಾನುಕ್ರಮಣಿಕೆಯನ್ನು ಮಾತ್ರ ಬೇರೆ ಭಾಷೆಯದು ಕೊಳ್ಳಬೇಡಿ, ಕನ್ನಡ ಸತ್ಯವೇದಕ್ಕೆ ಅದು ಒದಗುವುದಿಲ್ಲ.

ಒಬ್ಬೊಬ್ಬರೇ ಎಲ್ಲವನ್ನೂ ಕೊಳ್ಳುವ ಅಗತ್ಯವೂ ಇಲ್ಲ. ಎರಡನೆಯ ಅನುವಾದ ಪ್ರತಿ ಮನೆಯಲ್ಲಿರಲಿ. ನಿಘಂಟು, ನಕ್ಷೆ, ವ್ಯಾಖ್ಯಾನಗಳನ್ನು ಸಭೆಯ ಹಣದಿಂದ ತರಿಸಿ ಚರ್ಚಿನ ಕಪಾಟಿನಲ್ಲಿಟ್ಟು, ಯಾರು ಯಾವಾಗ ಒಯ್ದರೆಂದು ಬರೆಯಲು ಒಂದು ನೋಟ್‌ಬುಕ್ ಇಟ್ಟರೆ ನಾಲ್ಕು ಹಳ್ಳಿಗಳ ಪ್ರೀಚರ್‌ಗಳಿಗೆ ಅನುಕೂಲ. ತರಿಸುವಾಗ ಅಕ್ಷರದ ಗಾತ್ರ ಸಂಜೆಯ ದೀಪದಲ್ಲಿ ಓದುವಂತಿದೆಯೇ, ಕೊನೆಯಲ್ಲಿ ವಚನಗಳ ಸೂಚಿ ಇದೆಯೇ, ಹಾಳೆಗಳನ್ನು ಹೊಲಿದಿದ್ದಾರೆಯೇ ಅಥವಾ ಬರೀ ಅಂಟಿಸಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹಲವರ ಕೈ ದಾಟುವ ದಪ್ಪ ಪುಸ್ತಕಕ್ಕೆ ಅಂಟಿಸಿದ ಬೈಂಡಿಂಗ್ ನಮ್ಮ ಬೇಸಿಗೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ.